ನಾಯಿಯ ಎದೆಯ ಎಕೋ ವರದಿ

ಕೇಳುಗರಿಗೆ ನಮಸ್ಕಾರ. ಧಾರವಾಡದ ಕೆಲಗೇರಿಯ ನಿವೃತ್ತ ಮಾಸ್ತರರೊಬ್ಬರು ಕಳೆದ ವರ್ಷ ತಮ್ಮ ಹನ್ನೊಂದು ವರ್ಷದ ಪೊಮೇರಿಯನ್ ನಾಯಿಯನ್ನು ಎದೆಗವಚಿಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದರು. ಕೈಯಲ್ಲಿ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯ ವರದಿ. ‘ಮೈಟ್ರಲ್ ಕವಾಟದಲ್ಲಿ ಸೋರಿಕೆ’ ಎಂಬ ಸಾಲಿನ ಕೆಳಗೆ ಅವರೇ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. “ಡಾಕ್ಟರ್ ಸಾಹೇಬರೇ, ಇದಕ್ಕೆ ಇನ್ನೆಷ್ಟು ದಿನ?” ಎಂದು ಕೇಳಿದರು. ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲವಂತೆ.

ಚಿಕ್ಕ ತಳಿಯ ಮುದಿ ನಾಯಿಗಳಲ್ಲಿ, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಈ ಕವಾಟ ದಪ್ಪಗಾಗಿ ಸೋರುವುದು ಬಹಳ ಸಾಮಾನ್ಯ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಪರದೆಯ ಮೇಲೆ ಅದು ಬಣ್ಣದ ಬುಗ್ಗೆಯಾಗಿ ಕಾಣುತ್ತದೆ, ಯಂತ್ರದ ಹೊಂದಾಣಿಕೆ ಬದಲಿಸಿದರೆ ಅದೇ ಬುಗ್ಗೆ ಹಿರಿದೂ ಕಿರಿದೂ ಆಗುತ್ತದೆ. ಹಾಗಾಗಿ ನಾನು ಮೊದಲು ನೋಡುವುದು ಬಣ್ಣವನ್ನಲ್ಲ, ಸೋರಿದ ರಕ್ತ ಹಿಂದಿರುಗಿ ತುಂಬಿಕೊಳ್ಳುವ ಎಡ ಹೃತ್ಕರ್ಣವನ್ನು, ಅಂದರೆ ಎಡಭಾಗದ ಮೇಲಿನ ಕೋಣೆಯನ್ನು. ಅದರ ಅಗಲವನ್ನು ಪಕ್ಕದ ಮಹಾಪಧಮನಿಯ ಅಗಲದಿಂದ ಭಾಗಿಸುತ್ತೇವೆ. ಮಾಸ್ತರರ ನಾಯಿಗೆ 2 ಸೆಂಟಿಮೀಟರ್, 1.5 ಸೆಂಟಿಮೀಟರ್, ಅಂದರೆ ಸುಮಾರು 1.3. ಅಮೆರಿಕದ ಪಶುವೈದ್ಯ ತಜ್ಞರ 2019ರ ಮಾರ್ಗಸೂಚಿಯಲ್ಲಿ, ಹೃತ್ಕರ್ಣ ಹಿಗ್ಗಿದೆ ಎನ್ನಲು ಗಡಿ 1.6. ಕೆಳಗಿನ ಕೋಣೆಯಾದ ಎಡ ಹೃತ್ಕುಕ್ಷಿಯ ತೂಕಕ್ಕೆ ಹೊಂದಿಸಿದ ಅಳತೆಯೂ ಅದರ ಗಡಿಯಾದ 1.7ರ ಒಳಗೇ ಇತ್ತು. ಕವಾಟ ಸೋರುತ್ತಿತ್ತು, ಹೃದಯ ಹಿಗ್ಗಿರಲಿಲ್ಲ. ಔಷಧ ಬೇಡವೆಂದೆ. ಅವರು ನಂಬಲಿಲ್ಲ, ಮತ್ತೆ ಮತ್ತೆ ಕೇಳಿದರು, ನಾನೂ ಮತ್ತೆ ಮತ್ತೆ ಹೇಳಿದೆ.

ಅದೇ ವರದಿಯ ಇನ್ನೊಂದು ಅಂಕಿ ನೋಡಿ ಅವರು ಸಮಾಧಾನಪಟ್ಟಿದ್ದರು: ಹೃದಯ ಜೋರಾಗಿ ಸಂಕೋಚಿಸುತ್ತಿದೆ ಎಂಬುದು. ಹೆಚ್ಚು ಮಂದಿ ಮೋಸಹೋಗುವುದು ಇಲ್ಲಿಯೇ. ತೂತು ಕೊಡದಲ್ಲಿ ಬಾವಿ ನೀರು ಸೇದಿದರೆ ಹಗ್ಗ ಹಗುರವಾಗಿ, ಬೇಗನೆ ಮೇಲೆ ಬರುತ್ತದೆ. ಕಟ್ಟೆಗೆ ಬರುವ ನೀರು ಮಾತ್ರ ಅರ್ಧ. ಹಿಂದಕ್ಕೆ ಸೋರಲು ಸುಲಭದ ದಾರಿಯಿರುವ ಹೃದಯವೂ ಹಾಗೆಯೇ ಚುರುಕಾಗಿ ಕಾಣುತ್ತದೆ. ಡಾಬರ್‌ಮನ್‌ನಂಥ ದೊಡ್ಡ ತಳಿಗಳ ಹೃದಯದ ಸ್ನಾಯುರೋಗದಲ್ಲಿ ಇದೇ ಅಂಕಿ ಕುಸಿಯುತ್ತದೆ, ಅಲ್ಲಿ ಅದರ ಅರ್ಥವೇ ಬೇರೆ. ಗ್ರೇಹೌಂಡ್‌ನಂಥ ಓಟದ ನಾಯಿಗಳಿಗೆ ಹೃದಯ ಹುಟ್ಟಿನಿಂದಲೇ ದೊಡ್ಡದು. ನಮ್ಮ ಮುಧೋಳ ನಾಯಿಯೂ ಓಟದ ಜಾತಿಯದೇ. ಅದರ ವರದಿಯನ್ನು ಪೊಮೇರಿಯನ್ ಅಳತೆಗೋಲಿನಿಂದ ಓದಬೇಡಿರೆಂದು ನನ್ನ ಕಿರಿಯ ಸಹೋದ್ಯೋಗಿಗಳಿಗೂ ಹೇಳುತ್ತಿರುತ್ತೇನೆ.

ಈ ಮಳೆಗಾಲದಲ್ಲಿ ಮಾಸ್ತರರು ಮತ್ತೆ ಬಂದರು. ಹೃತ್ಕರ್ಣ ಈಗ 2.6 ಸೆಂಟಿಮೀಟರ್, ಅನುಪಾತ 1.7 ದಾಟಿತ್ತು, ಹೃತ್ಕುಕ್ಷಿಯೂ ಗಡಿ ಮೀರಿತ್ತು. ನಾಯಿ ಮಾತ್ರ ಬಾಲ ಅಲ್ಲಾಡಿಸುತ್ತ ಕುಳಿತಿತ್ತು. ಹೃದಯದ ಔಷಧವಾದ ಪಿಮೊಬೆಂಡಾನ್ ಆರಂಭಿಸಬೇಕಾದದ್ದು ಇದೇ ಹಂತದಲ್ಲಿ. 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಈ ಹಂತದ ನಾಯಿಗಳಿಗೆ ಇದನ್ನು ಕೊಟ್ಟಾಗ ಹೃದಯ ಸೋಲುವ ದಿನ ಸುಮಾರು 15 ತಿಂಗಳು ಮುಂದೆ ಹೋಯಿತು. ನಾಯಿಯ ಆಯುಷ್ಯದಲ್ಲಿ ಅದು ಸಣ್ಣ ಅವಧಿಯಲ್ಲ. ದಿನಕ್ಕೆ ಎರಡು ಬಾರಿ, ಊಟಕ್ಕೆ ಒಂದು ತಾಸು ಮೊದಲು ಕೊಡಿ ಎಂದು ಬರೆದುಕೊಟ್ಟೆ.

ಮನೆಯಲ್ಲಿ ಮಾಡುವ ಕೆಲಸವನ್ನೂ ಹೇಳಿದೆ. ನಾಯಿ ಗಾಢ ನಿದ್ದೆಯಲ್ಲಿರುವಾಗ ಎದೆ ಒಂದು ನಿಮಿಷದಲ್ಲಿ ಎಷ್ಟು ಬಾರಿ ಏರಿಳಿಯುತ್ತದೆಂದು ಎಣಿಸಬೇಕು. 30 ದಾಟಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಬೇಕು. ಆಗಲೂ ದಾಟಿದರೆ ರಾತ್ರಿಯಾದರೂ ವೈದ್ಯರನ್ನು ಕಾಣಬೇಕು. ಶ್ವಾಸಕೋಶದಲ್ಲಿ ನೀರು ತುಂಬುವ ಮೊದಲ ಸುಳಿವು ಅಲ್ಲಿ ಸಿಗುತ್ತದೆ. ಮೊನ್ನೆ ಮಾಸ್ತರರು ಗೆರೆ ಹಾಕಿದ ವಹಿಯೊಂದನ್ನು ತಂದು ತೋರಿಸಿದರು. ದಿನಾಂಕದ ಎದುರು ಅಂಕಿಗಳು: 22, 24, 21, 23.