ಸಗಣಿ ಹುಳುವಿನ ಕೊಂಬು ಮತ್ತು ಗುಣ

ಕೇಳುಗರೇ, ನಮಸ್ಕಾರ.

ಕೊಂಬು ಅಂದರೆ ಗಂಡಿನದು, ಜಗಳಗಂಟತನವೂ ಅದರದ್ದೇ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ, ಅಲ್ವಾ? ಸಗಣಿ ಹುಳುಗಳನ್ನು ನೋಡಿದರೆ ಈ ಲೆಕ್ಕ ನಿಲ್ಲುವುದಿಲ್ಲ.

ಒಂಥೋಫೇಗಸ್ ಟಾರಸ್ ಅಂತ ಒಂದು ಹುಳು. ಮೂಲ ಯುರೋಪಿನ ಮೆಡಿಟರೇನಿಯನ್ ಕಡೆ. ಮೈ ಒಂದು ಸೆಂಟಿಮೀಟರ್ ಆಸುಪಾಸು, ಅಷ್ಟೇ. ದೊಡ್ಡ ಗಂಡಿನ ತಲೆಯ ಮೇಲೆ ಹೋರಿಗೆ ಇರುವಂತೆ ಬಾಗಿದ ಎರಡು ಕೊಂಬು. ಹೆಣ್ಣು ಸಗಣಿಯ ಕೆಳಗೆ ಸುರಂಗ ತೋಡಿ, ಸಗಣಿಯನ್ನು ಒಳಗೆ ಎಳೆದುಕೊಂಡು ಉಂಡೆ ಕಟ್ಟಿ, ಒಂದೊಂದು ಉಂಡೆಯಲ್ಲೂ ಒಂದೊಂದೇ ಮೊಟ್ಟೆ ಇಡುತ್ತದೆ. ಕೊಂಬಿನ ಗಂಡು ಸುರಂಗ ಕಾಯುತ್ತದೆ, ಸಗಣಿ ಸಾಗಿಸುವುದಕ್ಕೂ ಕೈಜೋಡಿಸುತ್ತದೆ. ಬೇರೆ ಗಂಡು ಒಳಗೆ ಬಂದರೆ ಕೊಂಬು ಕೊಟ್ಟು ತಳ್ಳಾಟ. ಅದರ ಬಲ ಎಷ್ಟು ಗೊತ್ತಾ? ತನ್ನ ತೂಕದ 1,141 ಪಟ್ಟು ಭಾರ ಎಳೆದ ಹುಳುವನ್ನು ರಾಬ್ ನೆಲ್ ಮತ್ತು ಲೀ ಸಿಮನ್ಸ್ ಅನ್ನುವ ವಿಜ್ಞಾನಿಗಳು 2010ರಲ್ಲಿ ವರದಿ ಮಾಡಿದರು.

ಇನ್ನು ಚಿಕ್ಕ ಗಂಡು. ಮರಿಯಾಗಿದ್ದಾಗ ಉಂಡೆಯಲ್ಲಿ ಮೇವು ಕಡಿಮೆ ಬಿದ್ದರೆ ಕೊಂಬು ಹೆಸರಿಗಷ್ಟೇ ಬೆಳೆಯುತ್ತದೆ. ಹಾಗಂತ ಅದು ಸೋತ ಹುಳು ಅಲ್ಲ. ಕಾವಲುಗಾರನ ಕಣ್ಣು ತಪ್ಪಿಸಿ ನುಸುಳುತ್ತದೆ, ಇಲ್ಲವೇ ಪಕ್ಕದಿಂದ ಬೇರೆ ಸುರಂಗ ಕೊರೆದು ಹೆಣ್ಣಿನ ಹತ್ತಿರ ಹೋಗುತ್ತದೆ. ಮೈಗೆ ಹೋಲಿಸಿದರೆ ಇದರ ವೃಷಣ ದೊಡ್ಡದು. ಕೊಂಬಿನಲ್ಲಿ ಉಳಿಸಿದ್ದನ್ನು ಅಲ್ಲಿ ಹಾಕಿದೆ.

ಇದರ ನೆಂಟ ಒಂಥೋಫೇಗಸ್ ಸಜಿಟೇರಿಯಸ್, ಭಾರತವೂ ಸೇರಿದಂತೆ ಏಷ್ಯಾದ್ದು. ಇಲ್ಲಿ ಹೆಣ್ಣಿಗೂ ಕೊಂಬು! ಅದೂ ಗಂಡಿನ ಕೊಂಬಿನ ನಕಲಲ್ಲ, ತಲೆಯ ನಡುವೆ ಒಂದು, ಎದೆಭಾಗದ ಬೆನ್ನ ಮೇಲೆ ಇನ್ನೊಂದು. ಸಗಣಿಗಾಗಿ ಹೆಣ್ಣು ಹೆಣ್ಣುಗಳ ನಡುವೆಯೇ ಪೈಪೋಟಿ ಬಿದ್ದಾಗ, ಕೊಂಬು ದೊಡ್ಡದಿದ್ದ ಹೆಣ್ಣು ಜಾಸ್ತಿ ಉಂಡೆ ಕಟ್ಟಿತು ಅಂತ ಪ್ರಯೋಗಗಳು ತೋರಿಸಿವೆ.

ಹಾಗಾದರೆ ಧೈರ್ಯ, ಪುಕ್ಕಲುತನ? ಹುಳುವಿನಲ್ಲಿ ಅದನ್ನು ಅಳೆಯುವುದು ಹೀಗೆ: ಮೆಲ್ಲಗೆ ಮುಟ್ಟಿದರೆ ಅದು ಕಾಲು ಮಡಚಿಕೊಂಡು ಸತ್ತಂತೆ ಬಿದ್ದಿರುತ್ತದೆ. ಒಂದು ಬೇಗ ಎದ್ದು ಹೊರಡುತ್ತದೆ, ಇನ್ನೊಂದು ಎಷ್ಟು ಹೊತ್ತಾದರೂ ಅಲ್ಲಾಡುವುದಿಲ್ಲ. ಒಂದು ಸಲ ನೋಡಿದರೆ ಸಾಲದು. ಇವತ್ತು ಬೇಗ ಎದ್ದದ್ದು ನಾಳೆ, ನಾಡಿದ್ದೂ ಉಳಿದವಕ್ಕಿಂತ ಬೇಗ ಎದ್ದರೆ ಆಗ ಅದನ್ನು ಆ ಹುಳುವಿನ ಸ್ವಭಾವ ಅನ್ನಬಹುದು. ಗಂಡು ಹೆಣ್ಣನ್ನು ಹೋಲಿಸುವಾಗಲೂ ಕೊಂಬಿನ ಗಂಡನ್ನೂ ನುಸುಳುವ ಗಂಡನ್ನೂ ಬೇರೆಬೇರೆಯಾಗಿಯೇ ನೋಡಬೇಕು, ಒಟ್ಟಿಗೆ ಸೇರಿಸಿ ಸರಾಸರಿ ತೆಗೆದರೆ ಎರಡರ ವಿಷಯವೂ ತಿಳಿಯುವುದಿಲ್ಲ.

ಈ ಒಂಥೋಫೇಗಸ್ ಗುಂಪಿನ ಹುಳುಗಳು ನಮ್ಮ ಹುಲ್ಲುಗಾವಲುಗಳಲ್ಲೂ ಇವೆ. ಮಳೆ ಶುರುವಾದ ಮೇಲೆ ಹಸಿ ಸಗಣಿಯನ್ನು ಕಡ್ಡಿಯಿಂದ ಕೆದಕಿ, ಸಿಕ್ಕ ಹುಳುವಿನ ತಲೆಯನ್ನು ಹತ್ತಿರದಿಂದ ನೋಡಿ. ಆಮೇಲೆ ಅಲ್ಲೇ ಬಿಟ್ಟುಬಿಡಿ.

ನಮಸ್ಕಾರ.