ಮೋರೇರ ಮನೆಯೊಳಗೆ ಇಣುಕಿದ್ದು

ಈ ತೂತು ನೋಡಿ. ದಪ್ಪ ಕಲ್ಲಿನ ಚಪ್ಪಡಿಯ ನಡುವೆ ಗುಂಡಗೆ ಕೊರೆದಿದ್ದಾರೆ. ನನ್ನ ತಲೆ ಒಳಗೆ ಹೋಗುತ್ತದೆ, ಒಂದು ಭುಜ ತಿಣುಕಿ ತಿಣುಕಿ ಹೋಗುತ್ತದೆ, ಹೊಟ್ಟೆ ಮಾತ್ರ ಸಾಧ್ಯವೇ ಇಲ್ಲ. ಬೆಳಿಗ್ಗೆ ಗಂಗಾವತಿಯಲ್ಲಿ ತಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ತಪ್ಪು ಅದು. ಆದರೆ ಈ ತೂತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಇವತ್ತಿನ ದೆವ್ವದ ಕಥೆ ಎಲ್ಲಾ ಇಲ್ಲಿಂದಲೇ ಹುಟ್ಟಿದ್ದು ಅಂತ ನನಗೆ ಅನಿಸುತ್ತದೆ.

ನಾವಿರುವುದು ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಮೇಲೆ. ಗಂಗಾವತಿಯಿಂದ ಹತ್ತು ಕಿಲೋಮೀಟರ್ ಆಸುಪಾಸು. ಕೆಳಗೆ ನೋಡಿದರೆ ಭತ್ತದ ಗದ್ದೆ, ಮೇಲೆ ಬರೀ ಬಂಡೆ. ಗಾಡಿ ಕೆಳಗೇ ಬಿಟ್ಟು ನಡೆದೇ ಹತ್ತಬೇಕು, ನೀರು ಜಾಸ್ತಿ ಇಟ್ಟುಕೊಳ್ಳಿ, ನಾನು ಒಂದೇ ಬಾಟಲಿ ತಂದು ಅರ್ಧ ದಾರಿಗೇ ಖಾಲಿ ಮಾಡಿದ್ದೆ.

ನಮ್ಮ ಅಜ್ಜಿಯ ತವರು ಈ ಕಡೆಯದು. ಚಿಕ್ಕವರಿದ್ದಾಗ ಬೇಸಿಗೆ ರಜೆಗೆ ಬಂದರೆ ಅಂಗಳದಲ್ಲಿ ಮಲಗಿಸಿಕೊಂಡು ಈ ಗುಡ್ಡ ತೋರಿಸುತ್ತಿದ್ದಳು. ಅಲ್ಲಿ ಮೋರೇರು ಅಂತ ಇದ್ದರಂತೆ, ಗೇಣುದ್ದದ ಜನ, ಆದರೆ ಮೈಯಲ್ಲಿ ಆನೆಯ ಬಲ, ಇಷ್ಟಿಷ್ಟು ದೊಡ್ಡ ಚಪ್ಪಡಿಗಳನ್ನು ರೊಟ್ಟಿ ಎತ್ತಿದ ಹಾಗೆ ಎತ್ತಿ ಮನೆ ಕಟ್ಟಿಕೊಂಡರಂತೆ. ಒಂದು ದಿನ ಎಲ್ಲರೂ ಒಟ್ಟಿಗೆ ಇಲ್ಲವಾದರು. ಅಮಾವಾಸ್ಯೆ ರಾತ್ರಿ ಮಾತ್ರ ವಾಪಸ್ ಬಂದು ನಗಾರಿ ಬಾರಿಸುತ್ತಾರೆ, ಆ ಸದ್ದು ಕೇಳಿ ಯಾರು ಗುಡ್ಡ ಹತ್ತುತ್ತಾರೋ ಅವರಿಗೆ ಗಾಳಿ ಸೋಕುತ್ತದೆ. ಈ ಸಲ ಹೊರಟಾಗಲೂ ಅದೇ ಮಾತು: "ಯಪ್ಪಾ, ಹೊತ್ತು ಮುಳುಗೂದ್ರೊಳಗ ಕೆಳಗ ಇಳಿ. ಅವ್ರ ಮನಿ ಅದು, ಕರೀದ ಒಳಗ ಹೋಗಬಾರ್ದು."

ಗಮನಿಸಿದಿರಾ? ಮನೆ ಅಂದಳು. ಇಲ್ಲಿ ಯಾರನ್ನು ಕೇಳಿದರೂ ಮೋರೇರ ಮನೆ ಅಂತಲೇ ಹೇಳುತ್ತಾರೆ, ಗೋರಿ ಅನ್ನುವ ಪದ ಬರುವುದೇ ಇಲ್ಲ.

ಆದರೆ ಇದು ಹೂಳುವ ಜಾಗವೇ. ಸಣ್ಣದೂ ಅಲ್ಲ, 400ಕ್ಕೂ ಹೆಚ್ಚು ಕಲ್ಲಿನ ರಚನೆಗಳಿವೆ. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ್ದು ಕೆಲವು, ಅವುಗಳಲ್ಲಿ ಆಳೆತ್ತರ ಮೀರಿದವೂ ಇವೆ. ಇನ್ನು ಕೆಲವು ನೆಲದೊಳಗೆ ಇವೆ. ಗುಂಡಿ ತೋಡಿ, ಒಳಗೆ ಕಲ್ಲಿನ ಪೆಟ್ಟಿಗೆಯ ಹಾಗೆ ಮಾಡಿ ಮುಚ್ಚಿದ್ದಾರೆ. ಮೇಲಿನ ಕಲ್ಲಷ್ಟೇ ಕಾಣುತ್ತದೆ, ಕೆಲವು ಕಡೆ ಅದೂ ಇಲ್ಲ, ಹಾಗಾಗಿ ಹೆಜ್ಜೆ ಇಡುವಾಗ ನನಗೆ ನಿಜವಾಗಿ ಕಸಿವಿಸಿ ಆಗಿದ್ದು ಇಲ್ಲೇ. ಇವನ್ನು ಕಟ್ಟಿದ ಕಾಲದಲ್ಲಿ ದಕ್ಷಿಣ ಭಾರತದ ಎಷ್ಟೋ ಕಡೆ ಸತ್ತವರ ದೇಹವನ್ನು ನೇರ ಹೂಳುತ್ತಿರಲಿಲ್ಲ, ಬೇರೆ ಕಡೆ ಬಿಟ್ಟು, ಆಮೇಲೆ ಉಳಿದ ಮೂಳೆ ಆರಿಸಿ ತಂದು, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು ಜೊತೆಗಿಟ್ಟು ಮುಚ್ಚುತ್ತಿದ್ದರು. ಇಲ್ಲಿಯವು ಎರಡು ಸಾವಿರ ವರ್ಷ ದಾಟಿದವು, ಇನ್ನೂ ಹಳೆಯವೂ ಇವೆ. ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಈ ಜಾಗ ಸೇರಿದ್ದು 2021ರಲ್ಲಿ.

ಮೋರೇರು ಅಂದರೆ ಮೌರ್ಯರು ಅನ್ನುವವರೂ ಇದ್ದಾರೆ. ಕೊಪ್ಪಳದಲ್ಲೇ ಗವಿಮಠ, ಪಾಲ್ಕಿಗುಂಡು ಎರಡು ಕಡೆ ಅಶೋಕನ ಶಾಸನ ಇರುವುದರಿಂದ ಆ ಯೋಚನೆ ಬರುವುದು ಸಹಜ. ಆದರೆ ಇಲ್ಲಿನ ಕಲ್ಲುಮನೆಗಳಲ್ಲಿ ಎಷ್ಟೋ ಅಶೋಕನಿಗಿಂತ ಹಳೆಯವು, ಹೆಸರು ಹೊಂದಿತು ಅಂತ ಸುಮ್ನೆ ಗಂಟು ಹಾಕಲು ಆಗುವುದಿಲ್ಲ. 1830ರ ದಶಕದಲ್ಲಿ ನಿಜಾಮನ ಸೇವೆಯಲ್ಲಿದ್ದ ಮೆಡೋಸ್ ಟೇಲರ್ ಅನ್ನುವ ಇಂಗ್ಲಿಷ್ ಅಧಿಕಾರಿ ಈ ಜಾಗದ ಬಗ್ಗೆ ಬರೆದ. ನಮ್ಮ ಅಜ್ಜಿಯ ಅಜ್ಜಿಗೂ ಮುಂಚಿನ ಮಾತು ಅದು.

ಈಗ ಮತ್ತೆ ಆ ತೂತಿಗೆ ಬನ್ನಿ. ನೀವು ಕುರಿ ಕಾಯುತ್ತಾ ಗುಡ್ಡ ಹತ್ತಿದ್ದೀರಿ ಅಂದುಕೊಳ್ಳಿ. ನಾಲ್ಕು ಗೋಡೆ ಇದೆ, ಮಾಳಿಗೆ ಇದೆ, ಬಾಗಿಲು ನೋಡಿದರೆ ಇಷ್ಟೇ. ಇದರಲ್ಲಿ ಓಡಾಡುತ್ತಿದ್ದವರು ಎಷ್ಟು ಎತ್ತರ ಇರಬೇಕು? ಗೇಣುದ್ದದವರೇ ಇರಬೇಕಲ್ವಾ! ಚಪ್ಪಡಿ ನೋಡಿದರೆ ನಾಲ್ಕು ಜನ ಸೇರಿದರೂ ಅಲ್ಲಾಡುವುದಿಲ್ಲ. ಹಾಗಾದರೆ ಅವರಿಗೆ ಎಷ್ಟು ಬಲ ಇದ್ದಿರಬೇಕು? ನಮ್ಮ ಹಿರಿಯರು ಕಥೆಯನ್ನು ಗಾಳಿಯಲ್ಲಿ ಕಟ್ಟಲಿಲ್ಲ, ಬಾಗಿಲು ಅಳೆದೇ ಮೋರೇರನ್ನು ಮಾಡಿದರು.

ನಗಾರಿಯೂ ಸುಳ್ಳಲ್ಲ. ಅಲ್ಲಿ ಎತ್ತರದ ಬಂಡೆಯ ಮೇಲೆ ದೊಡ್ಡ ಡೊಳ್ಳನ್ನು ಇಟ್ಟ ಹಾಗೆ ಒಂದು ಕಲ್ಲು ಕಾಣುತ್ತಿದೆಯಲ್ಲ, ಅದೇ ನಗಾರಿ ಗುಂಡು. ಬಡಿದರೆ ಸದ್ದು ದೂರಕ್ಕೆ ಹೋಗುತ್ತದೆ. ಕೇಳಿಸಿಕೊಳ್ಳಿ... ಮೈಕ್‌ನಲ್ಲಿ ಅರ್ಧವೂ ಬಂದಿಲ್ಲ, ಎದುರಿಗೆ ನಿಂತಾಗ ಎದೆಯೊಳಗೆ ಕೇಳುತ್ತದೆ. ಇದನ್ನು ಯಾರೋ ಹುಡುಗರು ರಾತ್ರಿ ಒಂದು ಸಲ ಬಡಿದರೆ ಸಾಕು, ಕೆಳಗಿನ ಊರಿಗೆ ವರ್ಷಕ್ಕಾಗುವಷ್ಟು ಕಥೆ.

ಕೆರೆಯ ಹತ್ತಿರ ಕುರಿ ಕಾಯುವ ಕಾಕಾ ಒಬ್ಬರು ಸಿಕ್ಕರು. ಚಪ್ಪಡಿಗಳಿಗೆ ಕಲ್ಲು ಎಬ್ಬಿಸಿದ ಜಾಗವೇ ಈ ಕೆರೆ ಅಂತ ತಿಳಿದವರು ಹೇಳುತ್ತಾರೆ. ಕಾಕಾ ಕ್ಯಾಮೆರಾ ಬೇಡ ಅಂದರು, ಅದಕ್ಕೇ ಬರೀ ಕುರಿ ಕಾಣುತ್ತಿವೆ. ಕಾಕಾರೇ, ಇಲ್ಲಿ ದೆವ್ವ ಐತೇನ್ರೀ ಅಂದೆ. "ದೆವ್ವ ಗಿವ್ವ ನಾ ಕಂಡಿಲ್ರೀ. ಕರಡಿ ಕಂಡೀನಿ." ಆಮೇಲೆ ಬೀಡಿ ಹಚ್ಚಿ, ಬಿದ್ದಿದ್ದ ಒಂದು ಚಪ್ಪಡಿ ತೋರಿಸಿ, "ಇದು ನಿಧಿ ಹುಡುಕವರ ಕೆಲ್ಸ. ಅವ್ರಿಗೆ ಎರಡರ ಅಂಜಿಕಿನೂ ಇಲ್ಲ" ಅಂದರು. ಒಳಗೆ ಬಂಗಾರ ಇದೆ ಅಂತ ರಾತ್ರೋರಾತ್ರಿ ಅಗೆಯುತ್ತಾರಂತೆ. ಮೂಳೆ, ಮಡಕೆ ಚೂರು ಬಿಟ್ಟರೆ ಅವರಿಗೆ ಇನ್ನೇನು ಸಿಗುತ್ತೆ ಹೇಳಿ. ನನಗೆ ಆಗ ಅಜ್ಜಿಯ ಗಾಳಿ, ಅಮಾವಾಸ್ಯೆ ಇನ್ನಷ್ಟು ಜೋರಾಗಿ ಹಬ್ಬಬಾರದಾ ಅನಿಸಿತು, ನಿಜವಾಗಿ.

ಹೊತ್ತು ಮುಳುಗುವ ಮುಂಚೆಯೇ ಇಳಿದೆವು. ಕರಡಿಗೆ ಹೆದರಿ, ಮೋರೇರಿಗಲ್ಲ ಅಂತ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಮನೆಗೆ ಬಂದು ಅಜ್ಜಿಗೆ ಈ ವಿಡಿಯೋ ತೋರಿಸಿದೆ. ನಾನು ತೂತಿನೊಳಗೆ ತಲೆ ಹಾಕಿದ ಶಾಟ್ ಬಂತು ನೋಡಿ, ಫೋನ್ ಕೆಳಗಿಟ್ಟಳು. "ಬ್ಯಾರೇದವ್ರ ಮನ್ಯಾಗ ಹಿಂಗ ಇಣುಕ್ತಾರೇನೋ?" ಅಂತ ಬೈದು, ಉಪ್ಪು, ಒಣಮೆಣಸಿನಕಾಯಿ ತಂದು ಮೂರು ಸುತ್ತು ದೃಷ್ಟಿ ತೆಗೆದು ಒಲೆಗೆ ಹಾಕಿದಳು. ಘಾಟು ಬಂದರೆ ಏನೂ ಆಗಿಲ್ಲ, ಬರದಿದ್ದರೆ ಏನೋ ತಗುಲಿದೆ, ಇದು ನಮ್ಮ ಮನೆಯ ಲೆಕ್ಕ.

ಎಂಟು ಮೆಣಸಿನಕಾಯಿ ಸುಟ್ಟಳು. ಒಬ್ಬರೂ ಕೆಮ್ಮಲಿಲ್ಲ.