ಗೆದ್ದರೂ ಸೋತ ಮಸ್ಕಿ

ಕೇಳುಗರಿಗೆ ನಮಸ್ಕಾರ. ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆಗೆ ಮೊದಲು ಪಕ್ಷಗಳ ಒಳಗೇ ಒಂದು ಸುತ್ತು ಸ್ಪರ್ಧೆ ನಡೆಯುತ್ತದೆ. ಅದೇ ಪ್ರೈಮರಿ. ಬೇರೆ ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ದಿನ ಮತದಾನ. ಹಾಗಾಗಿ ಮೊದಲ ರಾಜ್ಯದ ಸುದ್ದಿಯನ್ನು ಓದಿಕೊಂಡೇ ಮುಂದಿನ ರಾಜ್ಯದವರು ಮತ ಹಾಕುತ್ತಾರೆ.

1972ರಲ್ಲಿ ಡೆಮಾಕ್ರಟಿಕ್ ಪಕ್ಷದಲ್ಲಿ ಎಲ್ಲರಿಗಿಂತ ಮುಂದಿದ್ದವರು ಮೇನ್ ರಾಜ್ಯದ ಸೆನೆಟರ್ ಎಡ್ಮಂಡ್ ಮಸ್ಕಿ. ತಾಳ್ಮೆಯ ಮನುಷ್ಯ, ಗಂಭೀರ ನಾಯಕ ಅಂತ ಪತ್ರಿಕೆಗಳು ಬರೆದವು. ಆದರೆ ಅವರಿಗೆ ಮುಂಗೋಪ ಇತ್ತು. ಜೊತೆಗೆ ಓಡಾಡುವ ವರದಿಗಾರರಿಗೆ ಅದು ಗೊತ್ತೂ ಇತ್ತು.

ಆಗ, ಮೊದಲ ಪ್ರೈಮರಿ ನಡೆಯಬೇಕಿದ್ದ ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್ ಯೂನಿಯನ್ ಲೀಡರ್ ಪತ್ರಿಕೆ ಒಂದು ಪತ್ರ ಅಚ್ಚು ಹಾಕಿತು. ಫ್ರೆಂಚ್ ಕೆನಡಾ ಮೂಲದವರನ್ನು ಹೀಯಾಳಿಸಿದ ಮಾತಿಗೆ ಮಸ್ಕಿ ನಕ್ಕರು ಅನ್ನೋದು ಅದರ ಸಾರ. ಆ ರಾಜ್ಯದಲ್ಲಿ ಅಂಥ ಮತದಾರರು ಜಾಸ್ತಿ. ಮರುದಿನ ಮಸ್ಕಿಯವರ ಹೆಂಡತಿಯ ಬಗ್ಗೆಯೂ ಕೀಳಾಗಿ ಬರೆಯಿತು. ಫೆಬ್ರವರಿ 26ರಂದು ಮಸ್ಕಿ ಆ ಪತ್ರಿಕೆಯ ಕಚೇರಿ ಎದುರೇ ಲಾರಿಯೊಂದರ ಮೇಲೆ ನಿಂತು ಮಾಲೀಕ ವಿಲಿಯಂ ಲೋಬ್ ಅವರನ್ನು ಹೇಡಿ ಎಂದರು. ಹಿಮ ಸುರಿಯುತ್ತಿತ್ತು. ಮಾತು ಗದ್ಗದವಾಯಿತು. ಮಸ್ಕಿ ಅತ್ತರು ಅಂತ ದೊಡ್ಡ ಪತ್ರಿಕೆಗಳಲ್ಲಿ ಬಂತು. ಕೆನ್ನೆ ಮೇಲಿದ್ದದ್ದು ಕರಗಿದ ಹಿಮ ಅಂತ ಅವರ ಕಡೆಯವರು ಹೇಳಿದರು. ಯಾರು ಕೇಳ್ತಾರೆ?

ಮಾರ್ಚ್ 7ರಂದು ಮತದಾನವಾಯಿತು. ಮಸ್ಕಿಗೆ ಶೇಕಡಾ 46, ಎದುರಾಳಿ ಸೆನೆಟರ್ ಜಾರ್ಜ್ ಮೆಕ್‌ಗವರ್ನ್‌ಗೆ 37. ಗೆದ್ದವರು ಮಸ್ಕಿ, ಅಲ್ವಾ? ಆದರೆ ಮಸ್ಕಿ ಪಕ್ಕದ ಮೇನ್ ರಾಜ್ಯದವರು, ಅರ್ಧಕ್ಕಿಂತ ಹೆಚ್ಚು ಮತ ಬರಬೇಕಿತ್ತು ಅಂತ ಪತ್ರಕರ್ತರು ಲೆಕ್ಕ ಹಾಕಿದರು. ಸದಾ ಮೊದಲು ಬರುವ ಹುಡುಗನಿಗೆ ತೊಂಬತ್ತು ಬಂದರೂ ಮನೆಯಲ್ಲಿ ಬೈಗುಳ, ಕೊನೆ ಬೆಂಚಿನವನು ಐವತ್ತು ತಂದರೆ ಪೇಡ. ಮಸ್ಕಿ, ಮೆಕ್‌ಗವರ್ನ್ ವಿಷಯದಲ್ಲೂ ಹಾಗೇ ಆಯಿತು. ಮಸ್ಕಿಗೆ ಮುನ್ನಡೆಯ ಪಟ್ಟ ಕಟ್ಟಿದವರೂ ಪತ್ರಕರ್ತರೇ, ಅದಕ್ಕೆ ತಕ್ಕ ಅಂಕ ಇಲ್ಲ ಎಂದವರೂ ಅವರೇ. ನನಗೆ ಕಣ್ಣೀರಿನ ಸುದ್ದಿಗಿಂತ ಈ ಲೆಕ್ಕವೇ ದೊಡ್ಡ ಅನ್ಯಾಯ ಅನಿಸುತ್ತದೆ.

ಮುಂದಿನ ವಾರ ಫ್ಲಾರಿಡಾದಲ್ಲಿ ಮಸ್ಕಿ ನಾಲ್ಕನೆಯವರು. ಇಲಿನಾಯ್ ಗೆದ್ದರೂ ಗಾಳಿ ತಿರುಗಲಿಲ್ಲ. ಏಪ್ರಿಲ್ ಕೊನೆಗೆ ಪ್ರಚಾರ ನಿಲ್ಲಿಸಿದರು. ಪಕ್ಷದ ಟಿಕೆಟ್ ಮೆಕ್‌ಗವರ್ನ್‌ಗೆ ಹೋಯಿತು.

ಆ ಪತ್ರ ನಕಲಿ, ಆಗಿನ ಅಧ್ಯಕ್ಷ, ರಿಪಬ್ಲಿಕನ್ ಪಕ್ಷದ ನಿಕ್ಸನ್ ಕಡೆಯವರ ಕಿತಾಪತಿ ಅಂತ ವಾಷಿಂಗ್ಟನ್ ಪೋಸ್ಟ್ ಬರೆದದ್ದು ಅಕ್ಟೋಬರ್‌ನಲ್ಲಿ. ಅದೇ ಪತ್ರಿಕೆಗೆ ಮಸ್ಕಿ ಕಣ್ಣೀರಿನ ವರದಿ ಕಳಿಸಿದ್ದವರು ಡೇವಿಡ್ ಬ್ರೋಡರ್. ಆ ವರದಿ ತಮ್ಮನ್ನು ಇನ್ನೂ ಕಾಡುತ್ತಿದೆ ಎಂದು ಅವರು 1987ರಲ್ಲಿ ಬರೆದರು.